ಮೂಡಿಗೆರೆಯ ಹೊಸ ಗೆಳೆಯರು

ಚಿಕ್ಕಮಗಳೂರಿಗೆ ಪ್ರವಾಸಿಗರು ಬರುವ ರೀತಿ ಬೇರೆ, ವಿದ್ಯಾರ್ಥಿಗಳು ಬರುವ ರೀತಿ ಬೇರೆ. ಪ್ರವಾಸಿಗರು ಶನಿವಾರ ಬೆಳಗ್ಗೆ ಬಂದು, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತು ಚಿತ್ರ ತೆಗೆಸಿಕೊಂಡು, ಭಾನುವಾರ ಸಂಜೆಗೆ ಕಾಫಿಪುಡಿಯ ಪೊಟ್ಟಣದೊಡನೆ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ವಿದ್ಯಾರ್ಥಿಗಳಾದರೋ ವಾರದ ನಡುವೆ, ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟ ಕಣ್ಣುಗಳೊಡನೆ ಬಂದಿಳಿಯುತ್ತಾರೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಅದರೊಳಗೆ ಚೊಂಬು, ಸೋಪಿನ ಡಬ್ಬಿ, ಬಟ್ಟೆ ಒಣಹಾಕುವ ಹಗ್ಗ. ಇನ್ನೊಂದು ಕೈಯಲ್ಲಿ ಅಂಕಪಟ್ಟಿಗಳ ಫೈಲು. ಹಿಂದೆ ಹಾಸಿಗೆಯ ಸುರುಳಿ ಹೊತ್ತ ತಂದೆ. ಬಸ್ ನಿಲ್ದಾಣದಲ್ಲಿ ಈ ಬಕೆಟ್ಟುಗಳು ಕಾಣಿಸಿಕೊಂಡವೆಂದರೆ ಕಾಲೇಜುಗಳು ತೆರೆದವೆಂದು ಊರಿನವರು ಪಂಚಾಂಗ ನೋಡದೆಯೇ ತಿಳಿಯುತ್ತಾರೆ.

ಹಿಂದೆ ಈ ಜಿಲ್ಲೆಯ ಮಕ್ಕಳೇ ವಿದ್ಯೆಗಾಗಿ ಘಟ್ಟದ ಸೀಮೆಯನ್ನು ಬಿಟ್ಟು ಹೋಗುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಕಾಲೇಜಿಗಾಗಿ ಮೈಸೂರಿಗೇ ಹೋಗಬೇಕಾಯಿತು. ಅವರ ಹೆಸರಿನಲ್ಲೇ 1987ರಲ್ಲಿ ಒಂದು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಅದರ ಆಶ್ರಯಕ್ಕೆ ಬಂದವು. ಈಗ ಹೊರಗಿನ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಅತಿ ದೂರದಿಂದ ಬರುವವರನ್ನು ನೋಡಬೇಕಾದರೆ ಮೂಡಿಗೆರೆಗೆ ಹೋಗಬೇಕು. ಅಲ್ಲಿರುವುದು ತೋಟಗಾರಿಕಾ ಮಹಾವಿದ್ಯಾಲಯ. ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನಾಲ್ಕು ವರ್ಷದ ಪದವಿ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಪಟ್ಟಿಯಿಂದ ಬೀದರಿನವನೂ ಬರಬಹುದು, ಚಾಮರಾಜನಗರದವಳೂ ಬರಬಹುದು. ಅಖಿಲ ಭಾರತ ಪರೀಕ್ಷೆಯ ಮೂಲಕ ಹೊರರಾಜ್ಯದವರೂ ಬರುವುದುಂಟು. ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿಯಿದೆ; ಅದಕ್ಕಾಗಿ ಬೀಜ, ಸಲಕರಣೆ, ಗಿಡಗಳನ್ನು ಗುರುತಿಸುವ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಅವರು ಎದುರಿಸಿರುತ್ತಾರೆ.

ನನ್ನ ಅಕ್ಕನ ಮಗ ಅಂಥ ಒಬ್ಬ ರೈತನ ಮಗ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ನಮ್ಮ ಭಾವನವರಿಗೆ ನಿಂಬೆಯ ತೋಟವಿದೆ. ನಾನೂ ಆ ಬಯಲುಸೀಮೆಯವನೇ. ಕನ್ನಡ ಅಧ್ಯಾಪಕನಾಗಿ ಈ ಕಡೆ ಬಂದು ಹತ್ತು ವರ್ಷವಾಯಿತು. ಹುಡುಗನಿಗೆ ಮೂಡಿಗೆರೆಯಲ್ಲಿ ಸೀಟು ದೊರೆತಾಗ ಅಕ್ಕ ನಿಶ್ಚಿಂತಳಾದಳು: “ನೀ ಹತ್ತರ ಇದ್ದೀಯಲ್ಲೋ ತಮ್ಮಾ.” ಚಿಕ್ಕಮಗಳೂರಿಗೂ ಮೂಡಿಗೆರೆಗೂ ಮೂವತ್ತು ಕಿಲೋಮೀಟರಿನ ಅಂತರ. ಆದರೆ ಹದಿನೆಂಟು ವರ್ಷದ ಹುಡುಗನಿಗೆ ಮೊದಲ ವಾರಗಳಲ್ಲಿ ಬೇಕಾಗುವುದು ಮೂವತ್ತು ಕಿಲೋಮೀಟರು ದೂರದ ಸೋದರಮಾವನಲ್ಲ. ಪಕ್ಕದ ಮಂಚದ ಗೆಳೆಯ.

ಪ್ರವೇಶದ ಪಟ್ಟಿಗಳು ಹೊರಬೀಳುವುದು ತಡವಾದುದರಿಂದ ಹುಡುಗ ಬಂದಿಳಿದಾಗ ಮಳೆಗಾಲದ ಕೊನೆಯ ಪಾದ. ಕೊನೆಯ ಪಾದವೆಂದರೆ ಮಳೆ ನಿಂತಿತೆಂದು ಅರ್ಥವಲ್ಲ. ಇಂಡಿಯ ಕಡೆ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮೂಡಿಗೆರೆಯಲ್ಲಿ ಅದರ ಮೂರು ನಾಲ್ಕು ಪಟ್ಟು. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬಂದು ನಿಂತು ಆಕಾಶಕ್ಕೆ ಕೈಮುಗಿಯುತ್ತಾರೆ. ಇಲ್ಲಿಯವರು ಕೊಡೆ ಬಿಚ್ಚಿ ತಮ್ಮ ಪಾಡಿಗೆ ನಡೆಯುತ್ತಾರೆ, ಅಷ್ಟೆ. ಮೊದಲ ದಿನವೇ ಹುಡುಗನ ಕಾಲಿಗೆ ಇಂಬಳ ಹತ್ತಿತು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಲಿಲ್ಲ. ತಾಯಿ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿಗಳು, ನಮ್ಮ ಕಡೆ ತಿಂಗಳೊಪ್ಪತ್ತು ಕೆಡದೆ ಇರುವಂಥವು, ವಾರದೊಳಗೆ ಮೆತ್ತಗಾಗಿ ಬೂಸಲು ಹಿಡಿದವು. ರೊಟ್ಟಿಗೆ ಬೂಸಲು ಹಿಡಿದ ದಿನ ಹುಡುಗ ನನಗೆ ಫೋನು ಮಾಡಿ, “ಮಾಮಾ, ಇಲ್ಲಿ ಮನಶ್ಯಾ ಇರೂದು ಹ್ಯಾಂಗ್ರಿ?” ಎಂದನು. ಅದು ಬೂಸಲಿನ ಪ್ರಶ್ನೆಯಲ್ಲವೆಂದು ನನಗೆ ಹೊಳೆಯಿತು.

ಹಾಸ್ಟೆಲಿನ ಕೋಣೆಯಲ್ಲಿ ಅವನೊಡನೆ ಇನ್ನಿಬ್ಬರು. ಒಬ್ಬ ಕೋಲಾರ ಜಿಲ್ಲೆಯವನು; ಮನೆಯಲ್ಲಿ ಟೊಮೇಟೊ ಬೆಳೆಯುತ್ತಾರೆ. ಇನ್ನೊಬ್ಬ ಕಳಸದ ಕಡೆಯವನು. ಅಡಕೆ, ಕಾಫಿ, ಮೆಣಸಿನ ಸಣ್ಣ ತೋಟ. ಮೂವರೂ ಕನ್ನಡಿಗರೇ. ಆದರೆ ವಿದ್ವಾಂಸರು ಉಪಭಾಷೆಗಳ ಕುರಿತು ಬರೆಯುವುದು ಬೇರೆ, ಮೂರು ಉಪಭಾಷೆಗಳು ಒಂದೇ ಕೋಣೆಯಲ್ಲಿ ವಾಸಮಾಡುವುದು ಬೇರೆ. ಕಳಸದ ಹುಡುಗ ಮಾತಿಗೊಮ್ಮೆ “ಮಾರಾಯ” ಎನ್ನುವನು. ಅದು ಮಲೆನಾಡಿನಲ್ಲೂ ಕರಾವಳಿಯಲ್ಲೂ ಸಲಿಗೆಯ ಸಂಬೋಧನೆ; ನಮ್ಮ ಹುಡುಗನ ಕಿವಿಗೆ ಅದು ಗೇಲಿಯಂತೆ ಕೇಳಿಸಿತು. ನಮ್ಮವನು ಎಲ್ಲರಿಗೂ “ರೀ” ಹಚ್ಚಿ ಮಾತಾಡಿದರೆ ಕೋಲಾರದವನಿಗೆ ಅದು ಬಿಗುಮಾನವಾಗಿ ತೋರಿತು. ಮೂವರೂ ಎರಡು ವಾರ ಒಬ್ಬರನ್ನೊಬ್ಬರು “ನೀವು” ಎಂದೇ ಕರೆದುಕೊಂಡರಂತೆ. ಒಂದೇ ಹಗ್ಗದ ಮೇಲೆ ಬಟ್ಟೆ ಹರವುವ ಮೂವರು ಹದಿನೆಂಟರ ಹುಡುಗರು ಪರಸ್ಪರ ಬಹುವಚನದಲ್ಲಿ ಮಾತಾಡುವ ಚಿತ್ರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು.

ನಮ್ಮ ತಲೆಮಾರಿನಲ್ಲಿ ಈ ಬಿಗಿಯನ್ನು ಒಡೆಯುವ ಹೊಣೆಯನ್ನು ಹಿರಿಯ ವಿದ್ಯಾರ್ಥಿಗಳು ರ‍್ಯಾಗಿಂಗಿನ ಹೆಸರಿನಲ್ಲಿ ತಾವಾಗಿ ವಹಿಸಿಕೊಳ್ಳುತ್ತಿದ್ದರು. ಒಟ್ಟಿಗೆ ಅವಮಾನಪಟ್ಟವರು ಒಟ್ಟಾಗುತ್ತಾರೆಂದು ಅದನ್ನು ಸಮರ್ಥಿಸುವವರು ಈಗಲೂ ಇದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಗಳು ಬಂದ ಮೇಲೆ ವಿದ್ಯಾರ್ಥಿಯೂ ಪೋಷಕರೂ ಇಂಥದರಲ್ಲಿ ತೊಡಗುವುದಿಲ್ಲವೆಂದು ಪ್ರಮಾಣಪತ್ರ ಬರೆದುಕೊಡಬೇಕು. ಒಳ್ಳೆಯದಾಯಿತು. ಆದರೆ ಪರಿಚಯ ಬೆಳೆಯುವ ಬೇರೆ ದಾರಿಗಳನ್ನು ಯಾವ ನಿಯಮವೂ ತೆರೆಯಲಾರದು. ಈಗ ಕೋಣೆಗೆ ಬಂದ ಹುಡುಗ ಮೊದಲು ಹುಡುಕುವುದು ಮೊಬೈಲಿಗೆ ಸಿಗ್ನಲು ಎಲ್ಲಿ ಸಿಕ್ಕೀತೆಂದು. ಸಿಕ್ಕಿತೆಂದರೆ ಊರಿನ ಗೆಳೆಯರು ಅಲ್ಲಿಯೇ ಇದ್ದಾರೆ. ಪಕ್ಕದ ಮಂಚದವನ ಅಗತ್ಯವೇ ಇಲ್ಲ. ನಮ್ಮ ಹುಡುಗನೂ ಮೂರು ವಾರ ಹೀಗೆಯೇ ಮೂಡಿಗೆರೆಯಲ್ಲಿ ಮಲಗಿ ಇಂಡಿಯಲ್ಲಿ ವಾಸಿಸಿದನು.

ಅಷ್ಟರಲ್ಲಿ ಭಾವನವರಿಂದ ಫೋನು ಬಂತು. ವಿಜಯಪುರದಲ್ಲಿ ಎಂಜಿನಿಯರಿಂಗ್ ಸೀಟೊಂದು ಹಣ ಕೊಟ್ಟರೆ ಸಿಗುವಂತಿದೆ, ಇಲ್ಲಿಯದನ್ನು ಬಿಡುವುದಾದರೆ ಮುಂದಿನ ಸೋಮವಾರದೊಳಗೆ ತಿಳಿಸಬೇಕು, ಹುಡುಗ ದಿನಾ ರಾತ್ರಿ ತಾಯಿಯ ಮುಂದೆ ಅಳುತ್ತಾನೆ ಎಂದರು. ಆ ಹಣ ಎಲ್ಲಿಂದ ಬರುತ್ತದೆಂದು ನಾನು ಕೇಳಲಿಲ್ಲ. ಎರಡು ಎಕರೆ ಹೊಲ ರಸ್ತೆಗೆ ಹತ್ತಿದೆಯೆಂದೂ ಅದಕ್ಕೆ ಗಿರಾಕಿ ಇದ್ದಾರೆಂದೂ ನನಗೆ ಗೊತ್ತಿತ್ತು. “ನೀವs ಹೋಗಿ ಅವನ ಮನಸು ನೋಡಿ ಬರ್ರಿ. ನಾನಂತೂ ಏನೂ ಅನ್ನಂಗಿಲ್ಲ,” ಎಂದರು ಭಾವ. ಶುಕ್ರವಾರ ಸಂಜೆ ನಾನು ಮೂಡಿಗೆರೆಗೆ ಹೊರಟೆನು.

ಈ ದಾರಿಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಪಟ್ಟಣ ದಾಟಿದೊಡನೆ ಎರಡೂ ಬದಿಗೆ ಕಾಫಿ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿಗಳ ನೆರಳು. ಮರದ ಮೈಗೆ ಮೆಣಸಿನ ಬಳ್ಳಿ. ಕಾಯಿಗಳು ಇನ್ನೂ ಹಸಿರು. ಅರೇಬಿಕಾ ಕೆಂಪಾಗಿ ಕೊಯ್ಲಿಗೆ ಬರುವುದು ನವೆಂಬರ್ ಹೊತ್ತಿಗೆ, ರೊಬಸ್ಟಾ ಅದರ ಬಳಿಕ. ಬಾಬಾಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಅರಬ್ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಲ್ಲರೂ ಕೇಳಿದ್ದೇವೆ. ಆ ಗಿಡವೂ ಹೊರಗಿನದೇ. ಇಲ್ಲಿಯ ಮರಗಳ ನೆರಳಿನಲ್ಲಿ ನೆಲೆಗೊಂಡಿತು.

ಮಹಾವಿದ್ಯಾಲಯದ ಪಕ್ಕದಲ್ಲಿ ಹಳೆಯ ಸಂಶೋಧನಾ ಕೇಂದ್ರವಿದೆ. ಮೂಡಿಗೆರೆ-1 ಎಂಬ ಏಲಕ್ಕಿಯ ತಳಿ ಹೊರಬಂದುದು ಇಲ್ಲಿಂದಲೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಓದಿದವರಿಗೆ ಮೂಡಿಗೆರೆಯ ಸಂಶೋಧನಾ ಕೇಂದ್ರವೆಂದರೆ ಅಲ್ಲೊಬ್ಬ ವಿಜ್ಞಾನಿ, ಒಬ್ಬ ಬೇಸತ್ತ ರೈತ, ಮತ್ತು ಜೇನು ಹಿಡಿಯುವ ಮಂದಣ್ಣ ನೆನಪಾಗುತ್ತಾರೆ. ತೇಜಸ್ವಿಯವರು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ, ನಮ್ಮಂತೆ ಅಧ್ಯಾಪಕರಾಗದೆ, ಈ ಸೀಮೆಗೆ ಬಂದು ಕಾಫಿ ಬೆಳೆದರು. 2007ರಲ್ಲಿ ತೀರಿಕೊಳ್ಳುವವರೆಗೆ ಮೂಡಿಗೆರೆಯ ಸಮೀಪದ ‘ನಿರುತ್ತರ’ದಲ್ಲಿಯೇ ಇದ್ದರು. ಕಾಲೇಜಿನ ದಿನಗಳ ಕಡಿದಾಳು ಶಾಮಣ್ಣ, ಕೆ. ರಾಮದಾಸ್ ಮೊದಲಾದವರ ಗೆಳೆತನ ಅವರಿಗೆ ಬಾಳಿನುದ್ದಕ್ಕೂ ಉಳಿಯಿತೆಂಬುದು ಕನ್ನಡಿಗರಿಗೆ ತಿಳಿದ ಸಂಗತಿ.

ಕೋಣೆಗೆ ಹೋದೆ. ಉಪದೇಶವನ್ನು ದಾರಿಯಲ್ಲೇ ಸಿದ್ಧಪಡಿಸಿಕೊಂಡಿದ್ದೆನು. ಆದರೆ ಅಲ್ಲಿ ನಡೆಯುತ್ತಿದ್ದ ಮಾತೇ ಬೇರೆ. ಅಂದು ಪ್ರಾಯೋಗಿಕ ತರಗತಿಯಲ್ಲಿ ಬೋರ್ಡೋ ದ್ರಾವಣ ತಯಾರಿಸುವುದನ್ನು ತೋರಿಸಿದ್ದರಂತೆ. ಮೈಲುತುತ್ತ ಬೇರೆ, ಸುಣ್ಣ ಬೇರೆ ಕದಡಿ, ಎರಡನ್ನೂ ಕೂಡಿಸಿ, ಹೊಳೆಯುವ ಚಾಕುವನ್ನು ಅದ್ದಿ ನೋಡುವುದು. ಚಾಕುವಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಕಳಸದ ಹುಡುಗ ಚಾಕುವಿನ ಮಾತು ಬರುವ ಮೊದಲೇ ಉತ್ತರ ಹೇಳಿದ್ದನು. ಅವರ ಕಡೆ ಅಡಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಗೊನೆಗಳಿಗೆ ಹೊಡೆಯುವುದು ಇದನ್ನೇ. ಅವನೊಡನೆಯೇ ಉತ್ತರ ಹೇಳಿದ ಇನ್ನೊಬ್ಬ ನಮ್ಮ ಹುಡುಗ. ನಿಂಬೆಯ ಕಜ್ಜಿರೋಗಕ್ಕೂ ಇದೇ ನೀಲಿಯ ನೀರು. “ನಿಮ್ಮಲ್ಲಿ ಮಳೆಯೇ ಇಲ್ಲವಲ್ಲ, ರೋಗ ಎಲ್ಲಿಂದ ಬಂತು?” ಎಂದು ಇವನು, “ನಿಮ್ಮಲ್ಲಿ ಇಷ್ಟು ಮಳಿ ಆದ್ರ ಔಷಧ ಗಿಡದ ಮ್ಯಾಲೆ ನಿಲ್ಲತೈತೇನು?” ಎಂದು ಅವನು. ಔಷಧ ನಿಲ್ಲಲೆಂದು ಅಂಟು ಬೆರೆಸುವ ವಿವರ ನನ್ನೆದುರಿಗೇ ಒಂದು ಗಂಟೆ ನಡೆಯಿತು. “ನೀವು” ಎಂಬುದು ಯಾವ ಗಳಿಗೆಯಲ್ಲಿ “ನೀನು” ಆಯಿತೆಂಬುದನ್ನು ಭಾಷೆಯ ಅಧ್ಯಾಪಕನಾದ ನಾನು ಗಮನಿಸಿದೆ. ಅಂಟಿನ ಪ್ರಮಾಣದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗ ಆಯಿತು. ಜಗಳ ಬಹುವಚನದಲ್ಲಿ ಹೆಚ್ಚು ದೂರ ಸಾಗದು.

ಕೋಲಾರದ ಹುಡುಗ ಇಷ್ಟು ಹೊತ್ತೂ ಸುಮ್ಮನಿದ್ದವನು, “ಸಾರ್, ‘ಕರ್ವಾಲೊ’ನಲ್ಲಿ ಬರೋ ಹಾರುವ ಓತಿ ನಿಜವಾಗ್ಲೂ ಐತಾ ಸಾರ್?” ಎಂದು ಕೇಳಿದನು. ನಾನು ಉತ್ತರಿಸುವ ಮೊದಲೇ ಕಳಸದವನು, “ಉಂಟು ಮಾರಾಯ! ನಮ್ಮ ಅಡಕೆ ತೋಟದಲ್ಲೇ ಉಂಟು. ಬಾ, ತೋರಿಸ್ತೇನೆ,” ಎಂದನು. ನಾಳೆ ಶನಿವಾರ. ನನ್ನ ಉಪದೇಶ ಚೀಲದಲ್ಲೇ ಉಳಿಯಿತು. ಮರುದಿನ ಬೆಳಗ್ಗೆ ನಾಲ್ವರೂ ಕಳಸದ ಬಸ್ಸು ಹತ್ತಿದೆವು.

ಮೂಡಿಗೆರೆಯಿಂದ ಕಳಸಕ್ಕೆ ಸುಮಾರು 60 ಕಿಲೋಮೀಟರು. ಆದರೆ ಆ ರಸ್ತೆಯ ತಿರುವುಗಳನ್ನು ನೆಟ್ಟಗೆ ಎಳೆದರೆ ಎಷ್ಟಾದೀತೋ ಹೇಳಲಾರೆ. ಮೊದಲು ಸಿಗುವುದು ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿ ಇಳಿಯುವ ಮೊದಲು ಬಸ್ಸುಗಳು ಉಸಿರು ತೆಗೆದುಕೊಳ್ಳುವ ಈ ಪುಟ್ಟ ಊರು ನೀರುದೋಸೆಗೆ ಹೆಸರಾದದ್ದು. ಕೋಲಾರದವನು ಎಂಟು ದೋಸೆ ತಿಂದನು. ನಮ್ಮವನು ಎರಡು ತಿಂದು, ಇದರಲ್ಲಿ ಹಿಡಿಯಲು ಏನೂ ಇಲ್ಲವೆಂದು ಕೈಬಿಟ್ಟನು. ಜೋಳದ ರೊಟ್ಟಿಗೆ ಒಗ್ಗಿದ ಕೈಗೆ ನೀರುದೋಸೆ ಕರವಸ್ತ್ರದಂತೆ ತೋರುವುದು ಸಹಜ.

ಇಲ್ಲಿಂದ ದಾರಿ ಬಲಕ್ಕೆ ತಿರುಗಿ ಬಾಳೂರು, ಜಾವಳಿಗಳ ಕಡೆ ಏರುತ್ತದೆ. ಜಾವಳಿಯ ಬಳಿ, ಬಲ್ಲಾಳರಾಯನದುರ್ಗದ ತಪ್ಪಲಿನಲ್ಲಿ, ಹೇಮಾವತಿ ಹುಟ್ಟುತ್ತಾಳೆ. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿಸಿಕೊಂಡು ಬಯಲಿಗೆ ನೀರುಣಿಸುವ ನದಿ ಇಲ್ಲಿ ಒಂದು ಹೆಜ್ಜೆಯಲ್ಲಿ ದಾಟುವಷ್ಟು ಚಿಕ್ಕವಳು. ಸುಂದರವೆಂದು ಬರೆದು ಮುಗಿಸುವಂತಿಲ್ಲ ಈ ಸೀಮೆಯನ್ನು. 2019ರ ಆಗಸ್ಟಿನ ಮಳೆಯಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಮಣ್ಣುಪಾಲಾದವು. ಕಳಸದ ಹುಡುಗ ಕಿಟಕಿಯಿಂದ ಗುಡ್ಡದ ಕೆಂಪು ಗಾಯಗಳನ್ನು ತೋರಿಸಿದನು. ನೀರಿಲ್ಲದೆ ಊರು ಬಿಟ್ಟವರನ್ನು ಕಂಡಿದ್ದ ನಮ್ಮ ಹುಡುಗ, ನೀರು ಹೆಚ್ಚಾಗಿ ಊರು ಬಿಟ್ಟವರ ಕತೆಯನ್ನು ಬಾಯಿ ತೆರೆದು ಕೇಳಿದನು.

ಕೆಳಗೂರಿನ ಚಹಾ ತೋಟದ ಕತ್ತರಿಸಿದಂಥ ಹಸಿರು ಬಂತು. ಬಸ್ಸಿನ ಕುರಿತೇ ಒಂದು ಮಾತು ಹೇಳಬೇಕು. ಈ ಭಾಗದಲ್ಲಿ ‘ಸಹಕಾರ ಸಾರಿಗೆ’ ಎಂಬ ಸಂಸ್ಥೆಯಿತ್ತು. ಕೊಪ್ಪದಲ್ಲಿ, ಮುಚ್ಚಿಹೋದ ಒಂದು ಖಾಸಗಿ ಬಸ್ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ್ದು. ಚಾಲಕನೂ ಮಾಲಿಕ, ನಿರ್ವಾಹಕನೂ ಮಾಲಿಕ. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸು ಕೊಟ್ಟು ಹಳ್ಳಿಹಳ್ಳಿಯ ಮಕ್ಕಳನ್ನು ಕಾಲೇಜಿಗೆ ಮುಟ್ಟಿಸಿದ ಸಂಸ್ಥೆ ಅದು. ನಷ್ಟ ತಾಳಲಾರದೆ 2020ರಲ್ಲಿ ನಿಂತುಹೋಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ, ತಮಗೆ ಗೆಳೆಯರು ದೊರೆತುದು ತರಗತಿಯಲ್ಲಲ್ಲ, ಆ ಬಸ್ಸಿನ ಹಿಂದಿನ ಸೀಟಿನಲ್ಲಿ ಎಂದು ಹೇಳುತ್ತಾರೆ. ಅದು ನಿಂತಾಗ ಪತ್ರಿಕೆಗಳು ಲಾಭನಷ್ಟದ ಲೆಕ್ಕ ಬರೆದವು. ಈ ಬಾಬ್ತು ಯಾವ ಲೆಕ್ಕದಲ್ಲೂ ಬರಲಿಲ್ಲ.

ಕಳಸ ಈಗ ಪ್ರತ್ಯೇಕ ತಾಲ್ಲೂಕು. ಭದ್ರೆಯ ಬಳಸಿನಲ್ಲಿ, ಎತ್ತರದ ಮೆಟ್ಟಿಲುಗಳ ಮೇಲೆ ಕಳಸೇಶ್ವರ. ಸುತ್ತ ಪಂಚತೀರ್ಥಗಳು, ಅವುಗಳಲ್ಲಿ ಅಂಬಾತೀರ್ಥದ ಹೆಬ್ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಿಂದ ಇಟ್ಟರೆಂಬ ಪ್ರತೀತಿ. ಹೊಳೆಯಾಚೆ ಹೊರನಾಡಿನ ಅನ್ನಪೂರ್ಣೇಶ್ವರಿ. ಆ ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಮುಳುಗಿ ಅತ್ತಣಿಂದಿತ್ತ ಸಂಪರ್ಕವೇ ಕಡಿದುಹೋದ ವರ್ಷಗಳುಂಟು. ಯಾತ್ರಿಕರಿಗೆ ಇವೆಲ್ಲ ತಿಳಿದಿರುವ ಸಂಗತಿಗಳಾದುದರಿಂದ ನಾನು ತೋಟಕ್ಕೆ ಹೋಗುತ್ತೇನೆ.

ಹುಡುಗನ ಮನೆ ಪೇಟೆಯಿಂದ ಮೂರು ಮೈಲಿ ಒಳಗೆ. ತಾಯಿ ಬಿಸಿ ಕಡುಬು, ಕಳಲೆಯ ಪಲ್ಯ ಬಡಿಸಿದರು. ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳದಲ್ಲಿ ನಮ್ಮ ಮೂವರ ಒದ್ದೆ ಅಂಗಿಗಳನ್ನು ಕೇಳದೆಯೇ ಹರವಿದರು. ಅರ್ಧ ಗಂಟೆಯಲ್ಲಿ ಹೊಗೆಯ ವಾಸನೆಯೊಡನೆ ಒಣಗಿದ ಅಂಗಿ ಕೈಗೆ ಬಂದಾಗ ನಮ್ಮ ಹುಡುಗ ಅದನ್ನು ಮುಖಕ್ಕೊತ್ತಿಕೊಂಡನು. ಒಣಬಟ್ಟೆಯ ಸುಖ ಅವನಿಗೆ ತಿಂಗಳಿಂದ ಮರೆತಿತ್ತು.

ತೋಟದಲ್ಲಿ ತಲೆ ಎತ್ತಿ ನಿಂತೆವು. ಓತಿಗಾಗಿ ಎತ್ತಿದ ತಲೆಗೆ ಮೊದಲು ಕಂಡದ್ದು ಸೋಗೆಗಳು. ಹಸಿರು ಎಲೆಯ ತುಂಬ ಕಂದು ಚುಕ್ಕಿಗಳು, ಚುಕ್ಕಿಯ ಸುತ್ತ ಹಳದಿಯ ಬಳೆ. ಕೆಳಗಿನ ಸೋಗೆಗಳು ಸುಟ್ಟಂತೆ ಒಣಗಿ ಜೋತಿದ್ದವು. ಇದು ಎಲೆಚುಕ್ಕಿ ರೋಗ. ಶಿಲೀಂಧ್ರದಿಂದ ಬರುವುದು, ಗಾಳಿ ಮಳೆಯಲ್ಲಿ ಮರದಿಂದ ಮರಕ್ಕೆ ಹರಡುವುದು. ಮರ ಒಮ್ಮೆಗೇ ಸಾಯದು. ಎಲೆ ಕಳೆದುಕೊಂಡು ಸೊರಗಿ, ಫಸಲು ಇಳಿದು, ನೋಡುವವನನ್ನು ವರ್ಷಗಟ್ಟಲೆ ಸಾಯಿಸುವುದು. ಶೃಂಗೇರಿ, ಕೊಪ್ಪಗಳ ಕಡೆ ಹಳದಿ ಎಲೆ ರೋಗ ಮೊದಲೇ ಎಷ್ಟೋ ತೋಟಗಳನ್ನು ಬರಿದುಮಾಡಿತ್ತು. ಈಗ ಕಳಸದ ಸೀಮೆಗೆ ಇದು. ಎತ್ತರದ ಮರದ ಎಲ್ಲ ಸೋಗೆಗೂ ಔಷಧ ಮುಟ್ಟಿಸುವುದು ಕಷ್ಟ. ತನ್ನ ತೋಟಕ್ಕೆ ಹೊಡೆದರೂ ನೆರೆಯವನು ಹೊಡೆಯದಿದ್ದರೆ ವ್ಯರ್ಥ.

“ಅಪ್ಪ ಅಡಕೆ ಸಾಕು ಅಂತಾರೆ ಸರ್. ನಾನೇ ಹಟ ಮಾಡಿ ಈ ಕೋರ್ಸಿಗೆ ಸೇರಿದ್ದು,” ಎಂದನು ಹುಡುಗ. ಅವನ ಮೊದಲ ಪಟ್ಟಿಯಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಇತ್ತಂತೆ. ನಮ್ಮ ಹುಡುಗ ಅವನ ಮುಖವನ್ನೇ ನೋಡಿದನು, ಏನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ತಮ್ಮ ನಿಂಬೆಯ ಗಿಡಗಳಿಗೆ ಬೇಸಗೆಯಲ್ಲಿ ಟ್ಯಾಂಕರಿನಿಂದ ನೀರು ಹಾಕಿದ್ದನ್ನೂ, ಆದರೂ ಒಣಗಿದ ಗಿಡಗಳನ್ನು ಅಪ್ಪ ತಾನೇ ಕಡಿದದ್ದನ್ನೂ ಹೇಳಿದನು. ನಾನು ಆ ಮನೆಯ ಅಳಿಯನ ಸೋದರಮಾವ. ಗಿಡ ಕಡಿದ ಸಂಗತಿ ನನಗೆ ತಿಳಿದದ್ದು ಆಗಲೇ.

ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಹರಿದು ಹತ್ತು ನಿಮಿಷ ಬಿಸಿಲು ಬಿತ್ತು. ಕೋಲಾರದವನೂ ನಾನೂ ಕಾಲಿನ ಇಂಬಳ ತೆಗೆಯಲು ಬಗ್ಗಿದ್ದೆವು. ಕಳಸದವನು ಉಪ್ಪು ತರಲು ಮನೆಗೆ ಓಡಿದ್ದನು. “ಹಾರ್ತಲೇ! ಹಾರ್ತು!” ಎಂದು ನಮ್ಮ ಹುಡುಗ ಕೂಗಿದನು. ನಾವು ತಲೆ ಎತ್ತುವಷ್ಟರಲ್ಲಿ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವುದು ಹೋಗಿಯಾಗಿತ್ತು. ಮರದ ತೊಗಟೆಯ ಬಣ್ಣ, ಪಕ್ಕೆಯಲ್ಲಿ ಬಿಚ್ಚಿದ ಬೀಸಣಿಗೆಯಂಥ ರೆಕ್ಕೆ, ಕತ್ತಿನ ಕೆಳಗೆ ಹಳದಿಯ ಚೀಲ ಎಂದು ಅವನು ವರ್ಣಿಸಿದನು. ಕೋಲಾರದವನು, ಅದು ಒಣಗಿದ ಎಲೆ ಎಂದನು.

ಹಿಂತಿರುಗುವ ಬಸ್ಸಿನಲ್ಲಿ ಈ ವಿವಾದ ಕೊಟ್ಟಿಗೆಹಾರದವರೆಗೆ ನಡೆಯಿತು. ಮೂರು ವಾರ ಬಾಯಿ ಬಿಡದಿದ್ದ ನಮ್ಮ ಹುಡುಗ, ಎಲೆಗೆ ಹಳದಿ ಚೀಲ ಇರತೈತೇನಲೇ ಎಂದು ಇಡೀ ಬಸ್ಸಿಗೆ ಕೇಳುವಂತೆ ವಾದಿಸಿದನು. ಕಳಸದವನು, “ನೀನು ಕಂಡದ್ದು ಅದೇ ಮಾರಾಯ, ನೂರಕ್ಕೆ ನೂರು,” ಎಂದು ಸಾಕ್ಷಿಯಿಲ್ಲದೆ ತೀರ್ಪು ಕೊಟ್ಟನು. ಮುಂದಿನ ತಿಂಗಳು ಮಳೆ ನಿಂತ ಮೇಲೆ ಮತ್ತೆ ಹೋಗಿ ಕೋಲಾರದವನಿಗೆ ತೋರಿಸುವುದೆಂದು ನಿಶ್ಚಯವಾಯಿತು. ಮುಂದಿನ ತಿಂಗಳು ಎಂಬ ಶಬ್ದವನ್ನು ನಾನು ಕೇಳಿಸಿಕೊಂಡೆನು, ಕೇಳಿಸಿಕೊಂಡಂತೆ ತೋರಿಸಿಕೊಳ್ಳಲಿಲ್ಲ.

ಸೋಮವಾರ ರಾತ್ರಿ ಅಕ್ಕನ ಫೋನು ಬಂತು. ಹುಡುಗ ಅಂದು ಮನೆಗೆ ಫೋನು ಮಾಡಿದ್ದನಂತೆ. ಸೀಟಿನ ಮಾತೆತ್ತಲಿಲ್ಲ, ಅತ್ತೂ ಇಲ್ಲ. ಕಳಸದ ಗೆಳೆಯನ ತಾಯಿಗೆ ಉಪ್ಪಿನಕಾಯಿಗೆ ಇನ್ನೂರು ನಿಂಬೆಹಣ್ಣು ಬೇಕೆಂದೂ, ಬಲಿತದ್ದನ್ನೇ ಆರಿಸಿ ಗೋಣಿಯಲ್ಲಿ ಹುಲ್ಲು ಹಾಸಿ ಕಳಿಸಬೇಕೆಂದೂ, ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದರೆ ಈ ಹವೆಯಲ್ಲಿ ಕೊಳೆಯುವುದೆಂದೂ ಅಪ್ಪನಿಗೆ ತಿಳಿಸಿದ್ದನು. ಗುರುವಾರ ಬೆಳಗ್ಗೆ ಗೋಣಿಚೀಲ ಬಸ್ಸಿನಲ್ಲಿ ಬಂದು ತಲುಪಿತು. ಎಣಿಸಿ ನೋಡಿದೆ, ಭಾವ ಇನ್ನೂರಕ್ಕೆ ಬದಲು ಮುನ್ನೂರು ಕಳಿಸಿದ್ದರು.